ಷರಾ

ಬೆಳಿಗ್ಗೆ ಎಂಟೂವರೆಗೆ ಎರಡು ದಫ್ತರ ಬಿಚ್ಚುತ್ತೇನೆ,
ಒಂದು ಮಳೆಯದು, ಒಂದು ಹೊಳೆಯದು.
ಮಳೆಯದರಲ್ಲಿ ಸೊನ್ನೆ, ಚುಕ್ಕಿ, ಸೊನ್ನೆ.
ಆರಿದ್ರದಿಂದ ಇದನ್ನೇ ಬರೆದು ಬರೆದು
ಕೈ ಪಳಗಿಬಿಟ್ಟಿದೆ, ಸೊನ್ನೆಗಳೀಗ
ಲಟ್ಟಿಸಿದ ಹೋಳಿಗೆಯಷ್ಟು ದುಂಡಗೆ ಬೀಳುತ್ತವೆ.

ಹೊಳೆಯದರಲ್ಲಿ ಬೇರೆಯೇ ಸುದ್ದಿ:
ನಿನ್ನೆ ಸಂಜೆಗಿಂತ ಒಂದು ಮೀಟರು ಹತ್ತು ಹೆಚ್ಚು.
ನೆತ್ತಿಯ ಮೇಲೆ ಬಿಳುಚಿದ ಆಕಾಶ,
ಪಾದದ ಕೆಳಗೆ ತುಂಬು ತುಂಗಭದ್ರೆ.
ಒಂದೇ ಪೆನ್ನು, ಒಂದೇ ತಾರೀಖು, ಸಹಿಯೂ ನನ್ನದೇ.

ನನಗಿಂತ ಮುಂಚೆ ಈ ಗೇಜು ಓದುತ್ತಿದ್ದವನು ಗಾದಿಲಿಂಗಪ್ಪ.
ಚಾರ್ಜು ಕೊಟ್ಟ ದಿನ
ಟಾರ್ಚು, ಕಡ್ಡಿ ಮುರಿದ ಕೊಡೆ, ಕೋಣೆಯ ಕೀಲಿ
ಎಣಿಸಿ ಕೈಗಿಟ್ಟು
ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರೆತ್ತಿದ.
"ನೋಡವ್ವ, ಇದು ನಮ್ಮ ಮಳಿ ಅಲ್ಲ.
ಯಾವ ಗುಡ್ಡದಾಗೋ ವಾರಗಟ್ಟಲೆ ಹೊಡದೈತಿ,
ಡ್ಯಾಮಿನಾಗ ಮಕ್ಕೊಂಡು ಮಣ್ಣೆಲ್ಲ ಅಲ್ಲೇ ಬಿಟ್ಟು
ತಣ್ಣಗ ಬಂದೈತಿ. ಮುಟ್ಟು.
ಹಗರಿ ಹಿಂಗ ಬರಂಗಿಲ್ಲ.
ಬಾಯಾಗ ಉಸುಕು ಇಟಗೊಂಡೇ ಬರ್ತಾಳ, ಬೆಚ್ಚಗ.
ಬಂದ್ರ."

ಆ 'ಬಂದ್ರ' ಎಂಬ ಮಾತನ್ನು
ಅವನು ಬೊಗಸೆಯ ನೀರಿನ ಜೊತೆಗೇ ಕೆಳಗೆ ಬಿಟ್ಟ.

ಸಿರುಗುಪ್ಪದ ಕಚೇರಿಯ ಗೋಡೆಗೆ
ಕಣಿವೆಯ ನಕ್ಷೆ ತೂಗುಹಾಕಿದ್ದಾರೆ.
ಪಡುವಣ ಅಂಚಿನಲ್ಲಿ ಗಾಢ ಹಸಿರು,
ನಾವಿರುವಲ್ಲಿ ಹಳೆಯ ಅರಿಶಿಣದ ಬಣ್ಣ.
ಅಲ್ಲಿ ಮಳೆಯನ್ನು ಸಾವಿರಗಳಲ್ಲಿ ಲೆಕ್ಕ ಹಾಕುತ್ತಾರೆ.
ಗುಡ್ಡ ಹತ್ತುವಾಗಲೇ ಗಂಟು ಬಿಚ್ಚಿಕೊಂಡ ಮೋಡಕ್ಕೆ
ನಮ್ಮೂರು ಮುಟ್ಟುವ ಹೊತ್ತಿಗೆ
ಒಣಹಾಕಿದ ಸೀರೆ ಹಾರಿಸುವಷ್ಟೇ ತಾಕತ್ತು.
ನಕ್ಷೆಯಲ್ಲಿ ನಮ್ಮ ಹೊಲವಿಲ್ಲ. ಇದ್ದಿದ್ದರೆ
ಕಾಲುವೆಯ ನೀಲಿ ಗೀಟಿಗೆ ಅಂಟಿಕೊಂಡೇ ಇರುತ್ತಿತ್ತು.
ಒಂದು ಮಾರು ಎತ್ತರ, ಅಷ್ಟೇ.
ನೀರಿಗೆ ಕತ್ತೆತ್ತಿ ನೋಡುವ ರೂಢಿಯಿಲ್ಲ.

ಶ್ರಾವಣದ ಒಂದು ರಾತ್ರಿ ಫೋನು:
ಗೇಟು ಎತ್ತಿದ್ದಾರೆ, ಗಂಟೆಗೊಮ್ಮೆ ಓದಿ ಹೇಳಿ.
ಟಾರ್ಚಿನ ಬೆಳಕಿನಲ್ಲಿ ಮೆಟ್ಟಿಲು ಒಂದೊಂದಾಗಿ ಕಾಣೆಯಾದವು.
ಮೇಲೆ ಒಂದು ಚಿಂದಿ ಮೋಡವಿಲ್ಲ,
ಚುಕ್ಕಿಗಳು ಕಿಕ್ಕಿರಿದು ಮಿನುಗುತ್ತಿವೆ.
ಮೌಲಾಲಿ ತನ್ನ ಪುಟ್ಟಿ ಎಳೆತಂದು
ಬೇವಿನ ಬುಡಕ್ಕೆ ಕವುಚಿ, ಅದರ ಮೇಲೆ ಕೂತು ಬೀಡಿ ಹಚ್ಚಿದ.
"ಎಷ್ಟಾತು ಹುಸೇನಮ್ಮ?"
ಹೇಳಿದೆ.
"ಊರ ಹೊಂಡದಾಗ ಕುರಿ ಕುಡಿಯಾಕ ನೀರಿಲ್ಲ,
ಹೊಳಿ ನೋಡಿದ್ರ ಹೊಸ್ತಿಲ ಕೇಳಾಕತ್ತೈತಿ."
ನಕ್ಕೆವು. ಆಮೇಲೆ ನಗಲಿಲ್ಲ.
ನಾಲ್ಕನೆಯ ಗಂಟೆಗೆ ನೀರು ಬೇವಿನ ಬೇರು ನೆಕ್ಕಿ
ಅಲ್ಲೇ ನಿಂತಿತು, ಬೆಳಗಿನವರೆಗೆ.

ಎಂಟೂವರೆಗೆ ಮಳೆಮಾಪಕದ ಕೊಳವೆ ತೆಗೆದು ನೋಡಿದೆ.
ಒಂದು ಒಣ ಎಲೆ, ಎರಡು ಇರುವೆ.
ಸೊನ್ನೆ, ಚುಕ್ಕಿ, ಸೊನ್ನೆ.

ಹುಬ್ಬಿ ಹೋಯಿತು, ಉತ್ತರಿ ಹೋಯಿತು.
ಗೇಟು ಮುಚ್ಚಿ ಹೊಳೆ ತನ್ನ ಬಂಡೆಗಳನ್ನು
ಮತ್ತೆ ಬಿಸಿಲಿಗೆ ಹರವಿಕೊಂಡಿತು.
ಹಸ್ತದ ಮೂರನೆಯ ರಾತ್ರಿ
ತಗಡಿನ ಮೇಲೆ ಯಾರೋ ಜೋಳ ಸುರಿದಂತಾಗಿ ಎದ್ದೆ.
ಎದ್ದವಳು ಬೆಳಗಿನವರೆಗೆ ಮಲಗಲಿಲ್ಲ.
ಕೊಡೆಯನ್ನೂ ಹುಡುಕಲಿಲ್ಲ.

ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದೆ,
ಕೈ ನಡುಗಿ ನೀರಿನ ಅಂಚು ಅಲುಗಿತು,
ಪಡಸಾಲೆಯ ಕಟ್ಟೆಗಿಟ್ಟು ಮತ್ತೆ ಓದಿದೆ.
ನಲವತ್ತೊಂದು, ಚುಕ್ಕಿ, ಎರಡು.
ಹೊಳೆ ಏರಿದ್ದು ಬರೀ ನಾಲ್ಕು ಬೆರಳು,
ಬೇರೆ ದಿನವಾದರೆ ಯಾರೂ ಗಮನಿಸದಷ್ಟು.
ಇಳಿದು ಬೊಗಸೆ ತುಂಬಿ ಬಾಯಿಗಿಟ್ಟೆ.
ಬೆಚ್ಚಗಿತ್ತು. ಹಲ್ಲಿನಡಿ ಉಸುಕು ಕರಕರ ಅಂದಿತು.

ದಫ್ತರದ ಕೊನೆಗೆ ಷರಾ ಎಂಬ ಕಾಲಮ್ಮಿದೆ.
ಗಾದಿಲಿಂಗಪ್ಪನ ಕಾಲದಿಂದ ಖಾಲಿ.
ಅದರಲ್ಲಿ ಬರೆದೆ: ನಮ್ಮದು.

ಮಧ್ಯಾಹ್ನ ಕಚೇರಿಯಿಂದ ಕೇಳಿದರು:
ಇದೇನಮ್ಮ ಷರಾದಲ್ಲಿ? ಸರಿಯಾಗಿ ಕಾಣುತ್ತಿಲ್ಲ.
ಮಳೆಗೆ ಅಕ್ಷರ ಕದಡಿದೆ ಸಾರ್, ಅಂದೆ.
ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.
ಅಂಕಿ ಇನ್ನೊಮ್ಮೆ ಹೇಳಿ, ಅಂದರು.
ಹೇಳಿದೆ.
ಮೂರನೆಯ ಸಲ ಕೇಳಲಿಲ್ಲ.