ನಾಲ್ಕನೆಯ ನೆನಪೋಲೆ

ಎಂಬತ್ತಾರು ಹೆಸರು, ನನ್ನದೇ ಕೈಬರಹ.
ಹೋದ ವರ್ಷದ ಏಪ್ರಿಲಿನಲ್ಲಿ ಎರಡು ದಿನದ ತರಬೇತಿ,
ಸಹಿಗೊಂದು ವಡಾಪಾವ್.
ಹಗ್ಗಕ್ಕೆ ಗಂಟು ಹಾಕಿದರು, ರಬ್ಬರು ಗೊಂಬೆಯ ಎದೆ ಒತ್ತಿದರು,
ಕೊನೆಗೆ ದೊಡ್ಡ ಸಾಹೇಬರ ಜೊತೆ ಫೋಟೋ,
ಎಲ್ಲರೂ ಕಿತ್ತಳೆ ಜಾಕೀಟಿನಲ್ಲಿ.
ಫೋಟೋ ಆದಮೇಲೆ ಜಾಕೀಟು ಎಣಿಸಿ ವಾಪಸು ಇಸಿದುಕೊಂಡವನೂ ನಾನೇ:
ಎಂಬತ್ತೈದು.
ಬಾಕಿ ಒಂದಕ್ಕೆ ಮೂರು ನೆನಪೋಲೆ ಬರೆದೆ.
ಮೂರನೆಯದಕ್ಕೆ ಶಮೀಮ್ ಕುರೇಶಿ ತಾನೇ ಬಂದು ಕಿಟಕಿಯಲ್ಲಿ ಬಗ್ಗಿ
'ಕೊಡ್ತೀನಿ ಸಾಬ್, ಮಳೆಗಾಲ ಒಂದು ಮುಗೀಲಿ' ಅಂದಳು.

ಈಗ ರಾತ್ರಿ ಎರಡೂಕಾಲು. ಕುರ್ಲಾ.
ಮೀಠಿ ನದಿಗೆ ತನ್ನ ಹೆಸರಿನ ಅರ್ಥ ಮರೆತಿದೆ.
ಮೇಲಿನಿಂದ ಫೋನು: 'ಸ್ವಯಂಸೇವಕರನ್ನು ಇಳಿಸಿ.'
ಇಳಿಸಿ ಅನ್ನುತ್ತಾರೆ,
ಲಾರಿಯಿಂದ ಸಿಮೆಂಟು ಮೂಟೆ ಇಳಿಸಿದ ಹಾಗೆ.
ಜಾಕೀಟಿಲ್ಲದೆ ಇಳಿಸಿದರೆ ವಿಮೆಯಿಲ್ಲ.
ಜಾಕೀಟು ಕಪಾಟಿನಲ್ಲಿ. ಕಪಾಟಿನ ಕೀಲಿಕೈ
ಸ್ಟೋರಿನ ಮಾಂಜ್ರೇಕರರ ಸೊಂಟದಲ್ಲಿ.
ಮಾಂಜ್ರೇಕರರು ಠಾಣೆಯ ಆಚೆ ನಿಂತ ಲೋಕಲಿನಲ್ಲಿ,
ಒಂಬತ್ತು ಗಂಟೆಯಿಂದ.

ಯಾದಿ ತೆರೆದು ಫೋನು ಹಚ್ಚುತ್ತೇನೆ.
ಒಂದನೆಯದು ಚಾಲ್ತಿಯಲ್ಲಿಲ್ಲ.
ಎರಡನೆಯವನ ಹೆಂಡತಿ: ಅವರು ಮಸ್ಕತ್ತಿನಲ್ಲಿ,
ಅಲ್ಲಿ ಮಳೆಯೇ ಇಲ್ಲವಂತೆ.
ಏಳನೆಯದು ಒಂದು ಮಗು ಎತ್ತಿತು.
'ಪಪ್ಪಾ ಟೆರೇಸಿನಲ್ಲಿ, ನಾವೆಲ್ಲ ಟೆರೇಸಿನಲ್ಲಿ,
ಅಂಕಲ್, ನೀವು ಯಾವಾಗ ಬರ್ತೀರಿ?'
ನಾನು ವಾರ್ಡ್ ಆಫೀಸಿನಿಂದ, ಅಂದೆ.
ಅದೊಂದು ಉತ್ತರವೇ ಎಂಬಂತೆ
ಮಗು 'ಹೂಂ' ಅಂದಿತು.

ನಲವತ್ತೊಂದು. ಶಮೀಮ್ ಕುರೇಶಿ, ಹೊಲಿಗೆ ಕೆಲಸ, ಈಜು: ಬರುವುದಿಲ್ಲ.
ರಿಂಗಿನ ಹಿಂದೆಯೇ ನೀರಿನ ಸದ್ದು, ಯಾರದೋ ಕೂಗು,
'ಸಾಬ್, ಆಮೇಲೆ ಮಾಡಿ, ಬೆನ್ನ ಮೇಲೆ ಮುದುಕಿ ಇದ್ದಾಳೆ!'
ಎಷ್ಟು ಜನ ಇದ್ದೀರಿ ಅಲ್ಲಿ?
'ಗಲ್ಲಿ ಪೂರಾ.'
ಹೆಸರು ಹೇಳಿ, ಬರೆದುಕೊಳ್ತೇನೆ,
ಅನ್ನುವಷ್ಟರಲ್ಲಿ ಲೈನು ಕಟ್ಟು.

ಆರು ಗಂಟೆಗೆ ವರದಿ ಹೋಗಬೇಕು.
ಖಾನೆ ನಾಲ್ಕು: ನಿಯೋಜಿಸಿದವರ ಸಂಖ್ಯೆ.
ಸೊನ್ನೆ ಬರೆದರೆ ನನ್ನ ತಲೆ ಹೋಗುತ್ತದೆ,
ಗಲ್ಲಿ ಪೂರಾ ಎಂದರೆ ಅಂಕಿಯಲ್ಲಿ ಬರೆಯಿರಿ ಅನ್ನುತ್ತಾರೆ.
ಸಂಖ್ಯೆ ಹುಡುಕುತ್ತ ಕಡತ ಮಗುಚಿದರೆ
ಮೇಲೇ ಇದೆ, ಮೊನ್ನೆ ಟೈಪು ಮಾಡಿದ್ದು,
ನಾಲ್ಕನೆಯ ನೆನಪೋಲೆ:
'ಸರ್ಕಾರಿ ಜಾಕೀಟು, ಕಿತ್ತಳೆ, ಒಂದು. ಕೂಡಲೇ ಮರಳಿಸತಕ್ಕದ್ದು.'
ನನ್ನ ಸಹಿಯೊಂದೇ ಬಾಕಿ.
ಹೊರಗೆ ಮೆಟ್ಟಿಲ ತನಕ ನೀರು ಬಂದಿದೆ.