ಮಾಳಮ್ಮನ ಸರದಿ

ಯಾದಗಿರಿ, ರಕ್ತನಿಧಿ ಕೋಣೆ. ಹತ್ತು ದಾಟ್ಯದ.
ಎರಡು ಫ್ರಿಜ್ಜು ಗೊರಕಿ ಹೊಡೀತಾವ.
ಶಹಾಬಾದಿ ಫರ್ಸಿ ಮ್ಯಾಲ ಹೊಸ ಸರ್ವರ್,
ಇನ್ನೂ ಹಸಿದ ಹೊಟ್ಟಿ.
ಕರೀ ಪರದೆ ಮ್ಯಾಲ ಬಿಳೀ ಕಡ್ಡಿಯೊಂದು
ಮಿಟುಕ್ತದ, ನಿಲ್ತದ, ಮಿಟುಕ್ತದ.

ರೂಟ್ ಆಗಿ ಬಂದೆ. ಬ್ಯಾಡ ಅಂತು.
ಮನಿ ಮಾಲಕರ ಗತ್ತು ಇಲ್ಲಿ ನಡ್ಯಾಂಗಿಲ್ಲ,
ಒಳಗ ಬಾಳೇವು ಮಾಡಾಕಿ ಯಾರು, ಅಕಿ ಬರಲಿ.
ಖರೆ ಅನಿಸ್ತು.
ಬ್ಯಾರೆ ಹೆಸರು ಹುಟ್ಟಿಸಿ, ಜಾಗ ಅದರ ಹೆಸರಿಗೆ ಮಾಡಿ,
ಏಳು ಸೊನ್ನೆ ಸೊನ್ನೆ ಒತ್ತಿದೆ:
ಉಳಿದವರಿಗೆ ಓದು, ಬರಹ, ಹೊಸ್ತಿಲು
ಮೂರೂ ಬಂದ್.

ಮತ್ತ ತಕರಾರು. ಖಾಲಿ ಇಲ್ಲಂತ.
ಬಗ್ಗಿ ನೋಡಿದ್ರ ಒಂದು ಫೋಲ್ಡರ್,
ಕಳೆದದ್ದು ಸಿಕ್ಕದ್ದು ಇಡ್ಲಾಕ
ಡಿಸ್ಕು ತಾನೇ ಮಾಡಿಟ್ಟುಕೊಂಡದ್ದು.
ತೆಗದೆ. ಏನೂ ಕಳೆದಿರಲಿಲ್ಲ,
ಏನೂ ಸಿಕ್ಕಿರಲಿಲ್ಲ.
ಅದನ್ನ ಅದರ ಪಾಡಿಗೆ ಬಿಟ್ಟು
ಪಕ್ಕದಾಗ ಇನ್ನೊಂದು ಸಣ್ಣ ಕೋಣಿ ತೆಗದೆ.

ಈಗ ಕಡೀ ಮಾತು, ಈಗಲೇ ಹೇಳಬೇಕು:
ಹೆಸರು ಯಾವ ಸಾಲಿನಾಗ ನಿಂದರಬೇಕು?
ಆಮ್ಯಾಲ ಮನಸು ಬದಲಾದ್ರ
ಕಟ್ಟಿದ್ದು ಕೆಡವಿ ಕಟ್ಟಬೇಕು.

ಯಂತ್ರದ್ದೊಂದು ಲೆಕ್ಕ ಅದ.
ಅದರೊಳಗ ಲ ಆದ ಮ್ಯಾಲ ಸೀದಾ ಳ,
ಅಕ್ಕಪಕ್ಕದ ಮನಿ.
ಬಳಿಚಕ್ರದ ಸಾಲಿಯಾಗ ಹಂಗಿರಲಿಲ್ಲ.
ಯ ರ ಲ ವ ಶ ಷ ಸ ಹ, ಇಷ್ಟೂ ಹಾಡಿ
ಉಸುರು ಮುಗಿಯೂ ಹೊತ್ತಿಗೆ ಳ.
ಹಾಜರಿ ಪುಸ್ತಕ ತೆಗದ್ರ
ಮಾರೆಪ್ಪ, ಮಾಶಪ್ಪ, ಮಾಸೂಮಾ,
ಅವರ ಹಿಂದ ನಾನು, ಮಾಳಮ್ಮ.
ಹೊಸ ಪಾಟಿ ಹಂಚಿದ ದಿವಸ
ಮಾಸೂಮಾಗ ಕಡೀದು ಸಿಕ್ತು.
ನನಗ ಮೂಲಿ ಒಡದದ್ದು.

ಇವತ್ತು ಬರೇ ಒಂದು ಅಕ್ಷರ, ಸಿ ಅಂತ ಬಡದ್ರ
ನಾನು ಎರಡು ಹೆಜ್ಜಿ ಮುಂದ.
ಮಾಶಪ್ಪನ ಮುಂದ, ಮಾಸೂಮಾನ ಮುಂದ,
ಜಿಲ್ಲಾದಾಗಿನ ಎಲ್ಲಾ ಮಾಳಮ್ಮಗೋಳೂ, ಒಂದೇ ರಾತ್ರಿಗೆ.
ಬೆರಳು ಕೀಲಿ ಮ್ಯಾಲ ಭಾಳ ಹೊತ್ತು ಕುಂತಿತ್ತು.

ಮೇಜಿನ ಮ್ಯಾಲ ಹಳೇ ರಿಜಿಸ್ಟರ್, ದಾರ ಬಿಚ್ಚ್ಯದ.
ನೂರಾ ಹನ್ನೊಂದನೇ ಪುಟದಾಗ
ಮಾಸೂಮಾ, ಬಳಿಚಕ್ರ, ಬಿ ನೆಗೆಟಿವ್.
ಎರಡು ಸಲ ಕೊಟ್ಟಾಳ.
ಆ ಹೊಸ ಪಾಟಿ ಮ್ಯಾಲ ದಿನಾ ಅರ್ಧ
ನನಗೂ ಬರೀಲಾಕ ಕೊಡ್ತಿದ್ಲು,
ಅದು ಯಾವ ಪುಸ್ತಕದಾಗೂ ಇಲ್ಲ.

ಕನ್ನಡದ ಸಾಲೇ ಹೊಡದೆ. ಎಂಟರ್.

ಸರಸರ ಬಂದವು ಸಾಲು: ಆಯ್ತು, ಆಯ್ತು, ಆಯ್ತು.
ನಡುವ ಒಂದು ಎಚ್ಚರಿಕಿ,
ಮನಿಯೊಳಗಿನವರನ್ನ ಕೇಳದೇ ನಂಬ್ಲಾಕತ್ತೀದಿ ಅಂತ.
ಅದನ್ನ ನಾಳಿ ನೋಡೂಣು.

ಕೀಲಿಗೊಂಚಲ ಕುಣಿಸ್ತಾ ಮಾಪಣ್ಣ ಬಂದ.
ಆತೇನವ್ವಾ? ಏನೇನು ಬರದಿ?
ಏನೂ ಬರದಿಲ್ಲೋ ಯಣ್ಣಾ,
ಜಾಗ ಮಾಡೀನಿ.
ಅವ ಪರದಿ ನೋಡಿದ, ನನ್ನ ನೋಡಿದ,
ಮೂರು ತಾಸು ಬೇಕಾತಾ ಇದಕ್ಕ, ಅಂದ.