ಸ್ಲೀಪ್ ನಲವತ್ತು

ಅಂಬಾರಾಯರು ಬಿಟ್ಟುಹೋದ ವಹಿಯಲ್ಲಿ
ಮೊದಲ ಹನ್ನೊಂದು ಹಾಳೆ ತೊಗರಿಯ ಲೆಕ್ಕ,
ಆಮೇಲೆ ಕಮಾಂಡುಗಳು.
ಕೆಂಪು ಬಟ್ಟೆಯ ರಟ್ಟು, ಸಡಿಲಾದ ದಾರ,
ಹಾಳೆಗಳ ನಡುವೆ ಬೇಳೆಯ ಹೊಟ್ಟು.

ಡಿಸ್ಕ್ ತುಂಬಿದರೆ ಇದು.
ಪ್ರಿಂಟರ್ ಮುನಿದರೆ ಇದು, ಎರಡು ಸಲ.
ಹಳೇ ಲಾಗ್ ಅಳಿಸುವ ಸಾಲಿನ ಪಕ್ಕ ಪೆನ್ಸಿಲಿನಲ್ಲಿ:
‘ಎಂಟರ್ ಒತ್ತೂಕಿಂತ ಮೊದಲ
ಯಾವ ಫೋಲ್ಡರಿನ್ಯಾಗ ನಿಂತೀದಿ ನೋಡ್ಕೊ.
ನಾ ನೋಡ್ಕೊಳ್ಳಲಿಲ್ಲ.
ಆ ವರ್ಷದ ದೀಪಾವಳಿ ಪೂರಾ ಇಲ್ಲೇ ಹೋತು.’

ಹ್ಯಾಶ್ ಹಾಕಿದ ಸಾಲನ್ನು ಯಂತ್ರ ಓದುವುದಿಲ್ಲ.
ನಾನು ಓದಲು ಕಲಿತದ್ದೇ ಅಲ್ಲಿಂದ.

ಕಪನೂರಿನ ಈ ದಾಲ್ ಮಿಲ್ಲಿನಲ್ಲಿ
ಸರ್ವರ್ ಅಂದರೆ ಬೀರುವಿನೊಳಗಿನ ಒಂದು ಪೆಟ್ಟಿಗೆ.
ಬಾಗಿಲು ತೆಗೆದಿಟ್ಟು ಎದುರಿಗೆ ಕೂಲರ್,
ತೇವ ನೇರ ಬಡಿಯದಂತೆ ತುಸು ಓರೆ.
ಎಷ್ಟು ಓರೆ ಎಂಬುದೂ ವಹಿಯಲ್ಲಿದೆ,
ನೆಲದ ಮೇಲೆ ಸುಣ್ಣದ ಗೆರೆಯೂ ಇದೆ.

ಕಾಟಾದ ಸ್ಕ್ರಿಪ್ಟಿಗೆ ಒಂದಿಡೀ ಹಾಳೆ.
ಲಾರಿ ಏರುತ್ತದೆ, ಕಾಟಾ ತೂಕ ಹೇಳುತ್ತದೆ,
ಸ್ಕ್ರಿಪ್ಟ್ ಬರೆದುಕೊಂಡು ಚೀಟಿ ಹರಿಯುತ್ತದೆ.
ನಡುವೆ ಕರೆಂಟು ಹೋದರೆ?
ಅಲ್ಲೊಂದು ಸಾಲು: ಸ್ಲೀಪ್ ನಲವತ್ತು.
ಹ್ಯಾಶ್ ಇಲ್ಲ, ಪೆನ್ಸಿಲ್ ಇಲ್ಲ.
ಇಡೀ ವಹಿಯಲ್ಲಿ ಬಾಯಿಬಿಡದ ಸಾಲು ಅದೊಂದೇ.

ಸೋಮಾರಿ ಸಾಲು ಅಂದುಕೊಂಡೆ.
ಹೊಸದಾಗಿ ಸೇರಿದವಳು, ಕೈ ಚುರುಕಾಗಿತ್ತು.
ತೆಗೆದೆ.

ಮೂರು ದಿನ ಏನೂ ಆಗಲಿಲ್ಲ.
ನಾಲ್ಕನೇ ದಿನ ಎರಡೂವರೆಯ ಬಿಸಿಲಲ್ಲಿ
ಹುಮನಾಬಾದ್ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತು
ಕರೆಂಟು ಹೋಯಿತು.
ಸರ್ವರ್ ಬ್ಯಾಟರಿಯ ಮೇಲೆ ಉಸಿರಾಡುತ್ತಿತ್ತು,
ಕಾಟಾ ಸತ್ತಿತ್ತು.
ಎಷ್ಟು, ಎಂದು ಕೇಳಿತು ಸ್ಕ್ರಿಪ್ಟ್, ತಡಮಾಡದೆ.

ಜೇವರ್ಗಿಯಿಂದ ಬಂದ ಒಂದು ಲಾರಿ ತೊಗರಿ,
ಚೀಟಿಯಲ್ಲಿ ಸೊನ್ನೆ ಕ್ವಿಂಟಾಲ್.
ಡ್ರೈವರ್ ಚೀಟಿ ತಿರುಗಿಸಿ ನೋಡಿದ,
ಲಾರಿ ನೋಡಿದ, ನನ್ನ ನೋಡಿದ.
‘ಮತ್ತ ನಾ ಏನ್ ಹೇರ್ಕೊಂಡು ಬಂದೀನ್ರಿ ಮೇಡಂ, ಗಾಳಿ?’

ಅಂಬಾರಾಯರು ಈಗ ಸೇಡಂನ ಪೆಟ್ರೋಲ್ ಬಂಕಿನಲ್ಲಿ
ಲೆಕ್ಕದ ಕಂಪ್ಯೂಟರ್ ನೋಡುತ್ತಾರೆ. ಫೋನಿನಲ್ಲಿ ನಕ್ಕರು.
‘ನಲವತ್ತು ತೆಗದೇನವಾ?
ಅದು ಮಷಿನ್‌ದು ಅಲ್ಲ, ನಮ್ಮ ಮಶಾಕಸಾಬಂದು.
ಗೇಟಿನಿಂದ ಜನರೇಟರ್ ತನಕ ಅವನ ನಡಿಗಿ.
ಮೊಣಕಾಲು ಸವದಾವ.
ಅವಗ ಗೊತ್ತಾಗಧಂಗ ಎಣಿಸಿದ್ದೆ,
ಕಿಡಕ್ಯಾಗ ಚಹಾ ಹಿಡಕೊಂಡು ನಿಂತು.’

ಮತ್ತೆ ಪಕ್ಕದಲ್ಲಿ ಯಾಕೆ ಬರೆಯಲಿಲ್ಲ, ಅಂದೆ.
ಆ ಕಡೆ ಯಾರೋ ಡೀಸೆಲ್ ತುಂಬಿಸುತ್ತಿದ್ದರು,
ಮೀಟರು ಓಡುವ ಸದ್ದು.
‘ಅವನ ಮಗಳು ಝರೀನಾ, ಕಾಲೇಜ್ ಮುಗಿಸ್ಕೊಂಡು ಬಂದು
ನನ್ನ ಬಾಜೂನೇ ಕುಂತು ಕಲೀತಿದ್ಳು.
ವಹಿ ಪೂರಾ ಓದ್ತಿದ್ಳು.
ಅಪ್ಪನ ಕಾಲು ಅಲ್ಲಿ ಬರೀಲೇನು?’

ಮರುದಿನ ಕರೆಂಟು ಹೋಗುವುದನ್ನೇ ಕಾದೆ.
ಹೋಯಿತು, ಹನ್ನೊಂದಕ್ಕೆ, ಮತ್ತೆ ನಾಲ್ಕಕ್ಕೆ.
ಕಿಟಕಿ ಅದೇ, ಚಹಾ ನನ್ನದು.
ಮಶಾಕಸಾಬರು ಸ್ಟೂಲಿನಿಂದೆದ್ದರು,
ಒಂದು ಕೈ ಗೋಡೆಗೆ,
ಹೊಟ್ಟಿನ ರಾಶಿಯ ಹತ್ತಿರ ಒಮ್ಮೆ ನಿಂತರು,
ಯಾರೂ ನೋಡುತ್ತಿಲ್ಲವೆಂದು ಹೊರಟರು.
ಐವತ್ತೊಂದು.
ಸಂಜೆಯದು ಐವತ್ಮೂರು.

ಸ್ಕ್ರಿಪ್ಟಿನಲ್ಲಿ ಐವತ್ತೈದು ಬರೆದೆ.
ಪಕ್ಕಕ್ಕೆ ಒಂದು ಹ್ಯಾಶ್,
ಕರ್ಸರ್ ಮಿಣುಕುತ್ತಲೇ ಇತ್ತು ಬಹಳ ಹೊತ್ತು.
ಕೊನೆಗೆ: ತೆಗೀಬ್ಯಾಡ್ರಿ.
ಯಾಕಂತ ಕೇಳೂದಿದ್ರ ಫೋನ್ ಹಚ್ಚರಿ.
ಅದರ ಮುಂದೆ ನನ್ನ ನಂಬರು,
ಹತ್ತು ಅಂಕಿ, ಯಂತ್ರ ಓದದ ಕಡೆ.